ಅಂಚೆ ಮತ: ಮೊದಲ ಐದು ದಿನ



ಚುನಾವಣೆ ಹತ್ತಿರ ಬಂದಾಗ ಉತ್ತರ ಬೆಂಗಳೂರಿನ ನಮ್ಮ ಆರ್.ಟಿ. ನಗರ, ಸಂಜಯನಗರ, ಹೆಬ್ಬಾಳದ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ನಮ್ಮತ್ತೆಗೆ ಎಂಬತ್ತೆಂಟು ವರ್ಷ, ಮೆಟ್ಟಿಲು ಇಳಿಯೋಕಾಗಲ್ಲ. ಪೋಸ್ಟಲ್ಲೇ ಓಟು ಹಾಕಬಹುದಂತಲ್ಲ, ಹೇಗೆ?" ಹೀಗೆ ಕೇಳುವವರು ಬಹುಪಾಲು ಮತದಾನಕ್ಕೆ ವಾರವೋ ಹತ್ತು ದಿನವೋ ಇರುವಾಗ ಕೇಳುತ್ತಾರೆ. ಅಷ್ಟು ಹೊತ್ತಿಗೆ ಅವಧಿ ಮುಗಿದುಹೋಗಿರುತ್ತದೆ.

2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಬೆಂಗಳೂರಿನಲ್ಲಿ ಮತದಾನ ನಡೆದದ್ದು ಏಪ್ರಿಲ್ 26ರಂದು, ಅಧಿಸೂಚನೆ ಹೊರಬಿದ್ದದ್ದು ಮಾರ್ಚ್ 28ರಂದು. ಮನೆಯಿಂದ ಮತ ಹಾಕಲು ಬಯಸುವ ಹಿರಿಯರ ಅರ್ಜಿ ಅಧಿಸೂಚನೆಯಾದ ಐದು ದಿನದೊಳಗೆ ಚುನಾವಣಾಧಿಕಾರಿಗೆ ತಲುಪಿರಬೇಕು. ಅಂದರೆ ಏಪ್ರಿಲ್ ಶುರುವಾಗುತ್ತಿದ್ದ ಹಾಗೇ ಅವಕಾಶ ಮುಗಿದಿತ್ತು. ಆಗಿನ್ನೂ ಅಭ್ಯರ್ಥಿಗಳ ಪಟ್ಟಿಯೇ ಅಂತಿಮವಾಗಿರಲಿಲ್ಲ, ನಮ್ಮ ಬೀದಿಗಳಲ್ಲಿ ಪ್ರಚಾರದ ಆಟೋ ಕೂಡ ಓಡುತ್ತಿರಲಿಲ್ಲ. ಚುನಾವಣೆಯ ಬಿಸಿ ತಟ್ಟಿದ ಮೇಲೆ ವಿಚಾರಿಸೋಣ ಎಂದುಕೊಂಡವರ ಮನೆಯ ಹಿರಿಯರಿಗೆ ಈ ಅನುಕೂಲ ಸಿಗಲಿಲ್ಲ. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅಂಚೆ ಮತ ಉಳಿಯುವುದೂ ಕಳೆದುಹೋಗುವುದೂ ಮತ ಗುರುತು ಹಾಕುವ ದಿನಕ್ಕಿಂತ ಎಷ್ಟೋ ಮೊದಲು, ಕಾಗದಪತ್ರದ ಹಂತದಲ್ಲಿ.

ನಮ್ಮ ದೇಶದಲ್ಲಿ ಬೇಕೆಂದವರೆಲ್ಲ ಅಂಚೆಯಲ್ಲಿ ಮತ ಹಾಕುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆ, 1961ರ ಚುನಾವಣೆ ನಡೆಸುವ ನಿಯಮಗಳು ಕೆಲವು ವರ್ಗದವರಿಗೆ ಮಾತ್ರ ಈ ಅವಕಾಶ ಕೊಡುತ್ತವೆ. ಸೇನೆ ಮತ್ತು ಅರೆಸೇನಾ ಪಡೆಗಳಲ್ಲಿರುವವರು, ವಿದೇಶದ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡುವ ಸರ್ಕಾರಿ ನೌಕರರು, ಚುನಾವಣಾ ಡ್ಯೂಟಿಯ ಮೇಲಿರುವವರು, ಮುನ್ನೆಚ್ಚರಿಕೆ ಬಂಧನದಲ್ಲಿರುವವರು. ಇತ್ತೀಚೆಗೆ ಸೇರಿದವರು ವಯೋವೃದ್ಧರು, ಅಂಗವಿಕಲರು ಮತ್ತು ಅಗತ್ಯ ಸೇವೆಯವರು. ಹಿರಿಯರಿಗಾಗಿ ನಿಯಮ ತಿದ್ದುಪಡಿಯಾದದ್ದು 2019ರ ಅಕ್ಟೋಬರ್‌ನಲ್ಲಿ. ಆಗ 80 ದಾಟಿದವರು ಎಂದಿತ್ತು. ಕರ್ನಾಟಕದಲ್ಲಿ 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಈ ವ್ಯವಸ್ಥೆ ಮೊದಲ ಬಾರಿಗೆ ಇಡೀ ರಾಜ್ಯದಲ್ಲಿ ಜಾರಿಗೆ ಬಂತು. 2024ರ ಮಾರ್ಚ್‌ನಲ್ಲಿ ವಯಸ್ಸನ್ನು 85ಕ್ಕೆ ಏರಿಸಿದರು. ಹೀಗಾಗಿ 2023ರಲ್ಲಿ ಮನೆಯಲ್ಲೇ ಮತ ಹಾಕಿದ್ದ 82ರ ಹಿರಿಯರು ಮರುವರ್ಷ ಮತಗಟ್ಟೆಗೇ ಹೋಗಬೇಕಾಯಿತು. ಇದು ನನಗೆ ಸರಿ ಎನಿಸುವುದಿಲ್ಲ. ಮೊಣಕಾಲು ನೋವಿನ 81ರ ಅಜ್ಜಿಗೂ 86ರ ಅಜ್ಜಿಗೂ ಮತಗಟ್ಟೆಯ ಮುಂದಿನ ಸಾಲು ಅಷ್ಟೇ ಉದ್ದ. ಒಮ್ಮೆ ಕೊಟ್ಟ ಅನುಕೂಲವನ್ನು ಹಿಂದೆ ಪಡೆಯಬಾರದಿತ್ತು.

ಈಗ ಅರ್ಜಿಯ ವಿಷಯ. ನಮೂನೆ 12ಡಿ ಎಂದು ಅದರ ಹೆಸರು. ಮತದಾರರ ಪಟ್ಟಿಯಲ್ಲಿ 85 ದಾಟಿದವರ ಮತ್ತು ಅಂಗವಿಕಲರೆಂದು ಗುರುತಿಸಿದವರ ಮನೆಗೆ ಬಿಎಲ್‌ಒ, ಅಂದರೆ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ, ತಾವೇ ಬಂದು ಅದನ್ನು ಕೊಡಬೇಕು; ತುಂಬಿದ ಅರ್ಜಿಯನ್ನು ತಾವೇ ಬಂದು ಪಡೆಯಬೇಕು. ಅವರು ಸಾಮಾನ್ಯವಾಗಿ ಶಾಲಾ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ, ಸಾವಿರಕ್ಕೂ ಹೆಚ್ಚು ಮತದಾರರ ಪಟ್ಟಿ ಅವರ ಕೈಯಲ್ಲಿರುತ್ತದೆ. ಅವರು ಬಂದಾಗ ಮನೆಗೆ ಬೀಗವಿದ್ದರೆ, ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಸೆಕ್ಯೂರಿಟಿಯವರು ತಡೆದು ಕಳಿಸಿದರೆ ಆ ಐದು ದಿನ ಹಾಗೇ ಸರಿದುಹೋಗುತ್ತದೆ. ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಎರಡೂ ಬದಿ ಎದ್ದಿರುವ ದೊಡ್ಡ ಅಪಾರ್ಟ್‌ಮೆಂಟುಗಳ ಸಂಘದವರಿಗೆ ಇದು ನನ್ನ ಕೋರಿಕೆ: ಚುನಾವಣೆ ಘೋಷಣೆಯಾದ ದಿನವೇ ಬಿಎಲ್‌ಒ ಅವರ ಹೆಸರು, ನಂಬರು ಗೇಟಿನ ರಿಜಿಸ್ಟರಿನಲ್ಲಿ ಬರೆದಿಡಿ, ಅವರನ್ನು ಒಳಗೆ ಬಿಡಿ. ನಿಮ್ಮ ಬಿಎಲ್‌ಒ ಯಾರೆಂದು ಗೊತ್ತಿಲ್ಲದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಯಸ್ಸು ಎಂದರೆ ಮತದಾರರ ಪಟ್ಟಿಯಲ್ಲಿ ದಾಖಲಾದ ವಯಸ್ಸು. ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಜನನ ಪ್ರಮಾಣಪತ್ರವೇ ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖು, ಪಟ್ಟಿ ಬರೆಯಲು ಬಂದವರು ಮುಖ ನೋಡಿ ಬರೆದ ವಯಸ್ಸು, ಇವೇ ಇವತ್ತಿಗೂ ಉಳಿದಿವೆ. ಮನೆಯವರ ಲೆಕ್ಕದಲ್ಲಿ 87 ಆದ ತಾತ ಪಟ್ಟಿಯಲ್ಲಿ 83 ಆಗಿದ್ದರೆ ಅವರಿಗೆ 12ಡಿ ಸಿಗುವುದಿಲ್ಲ. ಅಂಗವಿಕಲರಿಗೂ ಹಾಗೆಯೇ. ಶೇಕಡ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೂ ಪಟ್ಟಿಯಲ್ಲಿ ಗುರುತಾಗಿರದಿದ್ದರೆ ಬಿಎಲ್‌ಒ ನಿಮ್ಮ ಮನೆ ಹುಡುಕಿಕೊಂಡು ಬರುವುದಿಲ್ಲ. ಎರಡನ್ನೂ ಸರಿಪಡಿಸಲು ಒಂದೇ ಅರ್ಜಿ, ನಮೂನೆ 8. ಅದನ್ನು ವರ್ಷವಿಡೀ ಯಾವಾಗ ಬೇಕಾದರೂ ಕೊಡಬಹುದು.

ಅರ್ಜಿ ಒಪ್ಪಿಗೆಯಾದ ಮೇಲೆ ಏನಾಗುತ್ತದೆ? ಮತದಾನದ ದಿನಕ್ಕೆ ಮೊದಲೇ ತಂಡವೊಂದು ಮನೆಗೆ ಬರುತ್ತದೆ. ಇಬ್ಬರು ಮತದಾನ ಅಧಿಕಾರಿಗಳು, ಜೊತೆಗೆ ಪೊಲೀಸ್, ವಿಡಿಯೋ ಮಾಡುವವರು. ಯಾವ ದಿನ, ಯಾವ ಹೊತ್ತು ಎಂದು ಮುಂಚಿತವಾಗಿ ತಿಳಿಸುತ್ತಾರೆ. ಅಭ್ಯರ್ಥಿಗಳಿಗೂ ಇಂಥ ಮತದಾರರ ಪಟ್ಟಿ ಕೊಟ್ಟಿರುತ್ತಾರೆ, ಅವರ ಕಡೆಯವರು ಬಂದು ನೋಡಬಹುದು. ಮೊದಲ ಸಲ ಮತದಾರರು ಮನೆಯಲ್ಲಿಲ್ಲದಿದ್ದರೆ ತಂಡ ಇನ್ನೊಮ್ಮೆ ಬರುತ್ತದೆ. ಎರಡನೆಯ ಸಲವೂ ಸಿಗದಿದ್ದರೆ ಅಲ್ಲಿಗೆ ಮುಗಿಯಿತು, ಆಮೇಲೆ ಮತಗಟ್ಟೆಗೆ ಹೋದರೂ ಮತ ಹಾಕಲು ಬಿಡುವುದಿಲ್ಲ. ಅಂಚೆ ಮತಕ್ಕೆ ಒಪ್ಪಿದವರ ಹೆಸರಿನ ಮುಂದೆ ಪಟ್ಟಿಯಲ್ಲಿ ಆ ಗುರುತು ಬಿದ್ದಿರುತ್ತದೆ. ಮಗಳ ಮನೆಗೆ ನಾಲ್ಕು ದಿನ ಹೋಗಿಬರೋಣ ಎಂದುಕೊಂಡಿರುವ ಹಿರಿಯರು ತಂಡ ಬಂದು ಹೋದ ಮೇಲೆ ಹೊರಡಲಿ.

ಶಿಕ್ಷಕನಾಗಿದ್ದ ನಾನು ಚುನಾವಣಾ ಡ್ಯೂಟಿ ಮಾಡುತ್ತ ಬಂದವನು. 2023ರಲ್ಲಿ ಇಂಥದ್ದೊಂದು ತಂಡದಲ್ಲಿದ್ದೆ. ಒಂದು ಮನೆಯ ಊಟದ ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿ ಅಜ್ಜಿಯೊಬ್ಬರನ್ನು ಕೂರಿಸಿದೆವು. ಮೊಮ್ಮಗ ಪ್ರೀತಿಯಿಂದಲೇ ಮುಂದೆ ಬಂದ. "ಅಜ್ಜಿಗೆ ಅಭ್ಯಾಸ ಇಲ್ಲ ಸಾರ್, ನಾನೇ ಟಿಕ್ ಹಾಕ್ಬಿಡ್ತೀನಿ" ಎಂದ. ಅಜ್ಜಿಗೆ ಕಣ್ಣು ಕಾಣುತ್ತಿತ್ತು, ಕೈ ನಡುಗುತ್ತಿತ್ತು ಅಷ್ಟೆ. "ಅಜ್ಜಿ, ನಿಮ್ಮ ಓಟು ನೀವೇ ಹಾಕ್ತೀರಾ?" ಎಂದು ನಮ್ಮ ಜೊತೆಯಲ್ಲಿದ್ದ ಟೀಚರ್ ಕೇಳಿದರು. "ಹೂಂ, ನಾನೇ ಹಾಕ್ತೀನಿ, ಇವನನ್ನ ಆಚೆ ಕಳಿಸಮ್ಮ" ಎಂದರು ಅಜ್ಜಿ. ಮೊಮ್ಮಗನನ್ನು ಹಾಲಿಗೆ ಕಳಿಸಿದೆವು. ಅವರು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಗುರುತು ಹಾಕಿ, ಕಾಗದವನ್ನು ತಾವೇ ಮಡಿಸಿದರು. ನೋಡಲಾಗದವರಿಗೆ, ಕೈ ಆಡದವರಿಗೆ ವಯಸ್ಕರೊಬ್ಬರು ಜೊತೆಗಾರರಾಗಿ ನೆರವಾಗಬಹುದು. ಅವರನ್ನು ಆರಿಸುವುದು ಮತದಾರರ ಹಕ್ಕು. ಕೈಲಾಗುವವರ ಮತವನ್ನು ಮನೆಯವರು ಹಾಕುವಂತಿಲ್ಲ. ವಿಡಿಯೋ ಕ್ಯಾಮೆರಾ ಕೂಡ ಗುರುತು ಹಾಕುವ ಹೊತ್ತಿನಲ್ಲಿ ಮರೆಯ ಕಡೆ ತಿರುಗಬಾರದು.

ಇನ್ನು ಲಕೋಟೆ. ಅಂಚೆ ಮತ ಹೆಚ್ಚಾಗಿ ಹಾಳಾಗುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಎರಡು ಲಕೋಟೆಗಳಿರುತ್ತವೆ. ಚಿಕ್ಕದರ ಮೇಲೆ ಎ, ದೊಡ್ಡದರ ಮೇಲೆ ಬಿ. ಗುರುತು ಹಾಕಿದ ಮತಪತ್ರ ಒಂದೇ ಎ ಲಕೋಟೆಯೊಳಗೆ ಹೋಗಬೇಕು, ಅದನ್ನು ಅಂಟಿಸಬೇಕು, ಮೇಲೆ ಮತಪತ್ರದ ಕ್ರಮಸಂಖ್ಯೆ ಇರಬೇಕು. 13ಎ ಎಂಬ ಘೋಷಣಾ ಪತ್ರ ಬೇರೆಯೇ ಇರುತ್ತದೆ. ಅದರಲ್ಲಿ ಮತದಾರರ ಸಹಿ, ಅದನ್ನು ದೃಢೀಕರಿಸುವ ಅಧಿಕಾರಿಯ ಸಹಿ, ಮತ್ತೆ ಅದೇ ಕ್ರಮಸಂಖ್ಯೆ. ಅಂಟಿಸಿದ ಎ ಲಕೋಟೆ ಮತ್ತು ಈ ಘೋಷಣೆ, ಎರಡನ್ನೂ ಬಿ ಲಕೋಟೆಯಲ್ಲಿಟ್ಟು ಮುಚ್ಚಬೇಕು. ಬಹಳ ಮಂದಿ ಘೋಷಣೆಯನ್ನೂ ಮತಪತ್ರದ ಜೊತೆಗೇ ಎ ಲಕೋಟೆಗೆ ತುರುಕಿಬಿಡುತ್ತಾರೆ. ಎಣಿಕೆಯ ಮೇಜಿನಲ್ಲಿ ಬಿ ಲಕೋಟೆ ತೆರೆದಾಗ ಘೋಷಣೆ ಕಾಣದಿದ್ದರೆ ಒಳಗಿನ ಲಕೋಟೆಯನ್ನು ಒಡೆಯುವುದೇ ಇಲ್ಲ. ಹಾಗೇ ತಿರಸ್ಕೃತ ಎಂದು ಬದಿಗಿಡುತ್ತಾರೆ. ಘೋಷಣೆಯಲ್ಲಿ ಸಹಿ ಇಲ್ಲ, ದೃಢೀಕರಣವಿಲ್ಲ, ಸಂಖ್ಯೆ ಹೊಂದುವುದಿಲ್ಲ ಎಂದರೂ ಅದೇ ಗತಿ. ಒಳಗಿನ ಮತಪತ್ರದಲ್ಲಿ ಇಬ್ಬರ ಮುಂದೆ ಗುರುತಿದ್ದರೆ, ಗುರುತೇ ಇಲ್ಲದಿದ್ದರೆ, ಹಾಕಿದವರು ಯಾರೆಂದು ತಿಳಿಯುವಂಥ ಸಹಿಯೋ ಬರಹವೋ ಇದ್ದರೆ ಅದೂ ಹೋಯಿತು.

ಗುಟ್ಟು ಹೇಗೆ ಉಳಿಯುತ್ತದೆ ಎಂದು ಕೇಳುವವರಿದ್ದಾರೆ. ಎಣಿಕೆಯಲ್ಲಿ ಮೊದಲು ಘೋಷಣೆಗಳನ್ನೆಲ್ಲ ಪರಿಶೀಲಿಸಿ, ಸರಿಯಾದವನ್ನು ಒಂದು ಪೊಟ್ಟಣದಲ್ಲಿ ಹಾಕಿ ಮೊಹರು ಮಾಡುತ್ತಾರೆ. ಆಮೇಲಷ್ಟೇ ಎ ಲಕೋಟೆಗಳನ್ನು ಒಡೆಯುವುದು. ಮತಪತ್ರ ಹೊರಬರುವ ಹೊತ್ತಿಗೆ ಹೆಸರಿರುವ ಕಾಗದ ಆ ಮೇಜಿನ ಮೇಲಿರುವುದಿಲ್ಲ.

ಒಂದಷ್ಟು ಲಕೋಟೆ ಹೋದರೆ ಏನಾಯಿತು ಎನ್ನುವವರು ನಮ್ಮ ಬೆಂಗಳೂರಿನ ಜಯನಗರವನ್ನು ನೆನೆಯಬೇಕು. 2023ರ ಮೇ 13ರ ಎಣಿಕೆಯಲ್ಲಿ ತಿರಸ್ಕೃತ ಅಂಚೆ ಮತಗಳ ಮೇಲೆ ವಿವಾದ ಎದ್ದು, ಮರುಪರಿಶೀಲನೆ ನಡೆದು, ರಾತ್ರಿ ಬಹಳ ಹೊತ್ತಾದ ಮೇಲೆ ಫಲಿತಾಂಶ ಬಂತು. ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರ ಎದುರು ಗೆದ್ದದ್ದು 16 ಮತಗಳಿಂದ. ಅದೇ ಚುನಾವಣೆಯಲ್ಲಿ ಗಾಂಧಿನಗರದ ಅಂತರ 105, ಶೃಂಗೇರಿಯದು 201. ಹಿಂದೆ 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದದ್ದು ಎಲ್ಲರಿಗೂ ಗೊತ್ತು. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಅಂಚೆ ಮತಗಳೇ ಹೆಚ್ಚಿದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಿಯೇ ಫಲಿತಾಂಶ ಘೋಷಿಸಬೇಕೆಂದು ಕೇಂದ್ರ ಚುನಾವಣಾ ಆಯೋಗದ ಸೂಚನೆಯಿದೆ. ಸಹಿ ಇಲ್ಲದ ಘೋಷಣೆಗೆ ಮಾತ್ರ ಯಾವ ಪರಿಶೀಲನೆಯೂ ಸಹಿ ತಂದುಕೊಡಲಾರದು.

ಉತ್ತರ ಬೆಂಗಳೂರಿನವರು ಗಮನಿಸಲೇಬೇಕಾದ ಇನ್ನೊಂದು ವಿಷಯವಿದೆ: ನಿಮ್ಮ ಕ್ಷೇತ್ರ ಯಾವುದು? ಯಲಹಂಕ ಉಪನಗರದಲ್ಲಿರುವವರ ವಿಧಾನಸಭಾ ಕ್ಷೇತ್ರ ಯಲಹಂಕ, ಆದರೆ ಲೋಕಸಭೆಗೆ ಅವರು ಚಿಕ್ಕಬಳ್ಳಾಪುರದ ಮತದಾರರು. ಪಕ್ಕದ ಜಕ್ಕೂರಿನವರು ಬ್ಯಾಟರಾಯನಪುರ ಕ್ಷೇತ್ರ, ಲೋಕಸಭೆಗೆ ಬೆಂಗಳೂರು ಉತ್ತರ. ಯಶವಂತಪುರ ರೈಲು ನಿಲ್ದಾಣದ ಸುತ್ತಲಿನ ವಾರ್ಡಿನವರು ಯಶವಂತಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿಯೇ ಇಲ್ಲ! ಆ ಕ್ಷೇತ್ರ ಕೆಂಗೇರಿ, ಹೇರೋಹಳ್ಳಿ ಕಡೆಯದು. ಯಶವಂತಪುರ ವಾರ್ಡು ರಾಜರಾಜೇಶ್ವರಿನಗರ ಕ್ಷೇತ್ರದಲ್ಲಿದೆ, ಲೋಕಸಭೆಗೆ ಬೆಂಗಳೂರು ಗ್ರಾಮಾಂತರ. ಪಕ್ಕದಲ್ಲೇ ಇರುವ ಮತ್ತಿಕೆರೆ ಮಲ್ಲೇಶ್ವರ ಕ್ಷೇತ್ರ. ಅರ್ಜಿಯಲ್ಲಿ ಕ್ಷೇತ್ರದ ಹೆಸರು, ಭಾಗದ ಸಂಖ್ಯೆ, ಕ್ರಮಸಂಖ್ಯೆ ಬರೆಯಬೇಕಾದಾಗ ಮನೆಯ ವಿಳಾಸ ನೋಡಿ ಊಹಿಸಬೇಡಿ. ಪಟ್ಟಿಯಲ್ಲಿ ಇರುವಂತೆಯೇ ನೋಡಿ ಬರೆಯಿರಿ.

ಚುನಾವಣಾ ಡ್ಯೂಟಿ ಮಾಡುವ ಶಿಕ್ಷಕರಿಗೆ, ಪೊಲೀಸರಿಗೆ ಇದು ಇನ್ನೂ ಮುಖ್ಯ. ಡ್ಯೂಟಿ ತಮ್ಮ ಕ್ಷೇತ್ರದೊಳಗೇ ಬಿದ್ದರೆ ನಮೂನೆ 12ಎ ಕೊಟ್ಟು ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಪಡೆದು ಡ್ಯೂಟಿಯ ಮತಗಟ್ಟೆಯಲ್ಲೇ ಯಂತ್ರದಲ್ಲಿ ಮತ ಹಾಕಬಹುದು. ಕ್ಷೇತ್ರದ ಹೊರಗೆ ಬಿದ್ದರೆ ನಮೂನೆ 12, ಅಂಚೆ ಮತ. ಜಕ್ಕೂರಿನ ಮೇಷ್ಟ್ರನ್ನು ಲೋಕಸಭಾ ಚುನಾವಣೆಯಲ್ಲಿ ಕೆ.ಆರ್. ಪುರಕ್ಕೆ ಹಾಕಿದರೆ ಎರಡೂ ಬೆಂಗಳೂರು ಉತ್ತರವೇ, ಇಡಿಸಿ ಸಾಕು. ಯಲಹಂಕದ ಟೀಚರನ್ನು ಕೂಗಳತೆಯ ಜಕ್ಕೂರಿಗೆ ಹಾಕಿದರೂ ಲೋಕಸಭೆಗೆ ಅದು ಬೇರೆ ಕ್ಷೇತ್ರ, ಅಂಚೆ ಮತವೇ ಬೇಕು. ತರಬೇತಿಯ ದಿನ ಆದೇಶ ಪತ್ರ ಕೈಗೆ ಬಂದ ಕೂಡಲೇ ಇದನ್ನು ನೋಡಿಕೊಂಡು ಅರ್ಜಿ ತುಂಬಿ ಅಲ್ಲೇ ಕೊಡಿ.

ಹಿಂದೆ ಡ್ಯೂಟಿಯವರು ಮತಪತ್ರವನ್ನು ಮನೆಗೆ ಒಯ್ದು, ಎಣಿಕೆಯ ದಿನ ಬೆಳಿಗ್ಗೆ ಎಂಟರೊಳಗೆ ತಲುಪುವಂತೆ ಕಳಿಸಬಹುದಿತ್ತು. ಅಷ್ಟು ದಿನ ಮತಪತ್ರ ಮನೆಯಲ್ಲಿದ್ದರೆ ಒತ್ತಡ, ಆಮಿಷಕ್ಕೆ ದಾರಿಯಾಗುತ್ತದೆ ಎಂದು ಆಯೋಗ ಹೇಳಿತು. 2023ರ ಆಗಸ್ಟ್‌ನಲ್ಲಿ ನಿಯಮ ಬದಲಾಯಿತು. ಈಗ ಡ್ಯೂಟಿಯವರಿಗಾಗಿ ತೆರೆದ ಸೌಲಭ್ಯ ಕೇಂದ್ರದಲ್ಲೇ ಮತಪತ್ರ ಪಡೆದು, ಅಲ್ಲೇ ಗುರುತು ಹಾಕಿ, ಅಲ್ಲೇ ಪೆಟ್ಟಿಗೆಗೆ ಹಾಕಬೇಕು. ಇದು ಒಳ್ಳೆಯ ಬದಲಾವಣೆ. ದೃಢೀಕರಣದ ಸಹಿಗಾಗಿ ಗೆಜೆಟೆಡ್ ಅಧಿಕಾರಿಯನ್ನು ಹುಡುಕಿಕೊಂಡು ಅಲೆಯುವ ಪಾಡೂ ತಪ್ಪಿತು.

ರೈಲ್ವೆ, ವಿದ್ಯುತ್, ಆರೋಗ್ಯ, ಅಗ್ನಿಶಾಮಕದಂಥ ಸೇವೆಗಳಲ್ಲಿ ಮತದಾನದ ದಿನ ಕೆಲಸ ಬಿಡಲಾಗದವರು, ಆಯೋಗದ ಪಾಸು ಪಡೆದ ಪತ್ರಕರ್ತರು ಕೂಡ ಅದೇ 12ಡಿ ಕೊಡಬೇಕು, ಇಲಾಖೆಯ ನೋಡಲ್ ಅಧಿಕಾರಿಯ ಸಹಿಯೊಂದಿಗೆ. ಅವರ ಮನೆಗೆ ತಂಡ ಬರುವುದಿಲ್ಲ, ಅಂಚೆ ಮತದಾನ ಕೇಂದ್ರಕ್ಕೆ ಅವರೇ ಹೋಗಬೇಕು. ಯಾವ ಇಲಾಖೆಗಳು ಪಟ್ಟಿಯಲ್ಲಿವೆ ಎಂಬುದು ಆಯಾ ಚುನಾವಣೆಗೆ ಪ್ರಕಟವಾಗುತ್ತದೆ. ಯಶವಂತಪುರದ ರೈಲ್ವೆ ನೌಕರರು ತಮ್ಮ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ನಿಜವಾಗಿ ಅಂಚೆ ಇಲಾಖೆಯ ಕೈಯಲ್ಲಿ ಹೋಗುವ ಮತ ಎಂದರೆ ಸೈನಿಕರದು. ಯಲಹಂಕದಲ್ಲಿ ವಾಯುನೆಲೆ, ಸಿಆರ್‌ಪಿಎಫ್ ಕೇಂದ್ರ ಇವೆ. ಹೆಬ್ಬಾಳದಲ್ಲಿ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ. ಜಾಲಹಳ್ಳಿಯಲ್ಲಿ ಮತ್ತೊಂದು ನೆಲೆ. ಇಲ್ಲಿರುವ ಸೈನಿಕರ ಮತ ಅವರವರ ಊರಿಗೆ ಹೋಗುತ್ತದೆ, ನಮ್ಮ ಯಲಹಂಕದ ಹುಡುಗ ಲೇಹ್‌ನಲ್ಲಿದ್ದರೆ ಅವನ ಮತ ಇಲ್ಲಿಗೆ ಬರುತ್ತದೆ. ಮೊದಲು ಮತಪತ್ರ ಹೋಗುವುದೂ ಅಂಚೆಯಲ್ಲೇ ಆಗಿತ್ತು. ಎಷ್ಟೋ ಬಾರಿ ಅದು ಗಡಿಯ ಠಾಣೆ ಮುಟ್ಟುವ ಹೊತ್ತಿಗೆ ಇಲ್ಲಿ ಎಣಿಕೆ ಮುಗಿದಿರುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿ ಮತಪತ್ರವನ್ನು ಇಂಟರ್ನೆಟ್ ಮೂಲಕ ಕಳಿಸುವ ವ್ಯವಸ್ಥೆ ತಂದರು. ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಅದು ಮೊದಲು ಬಳಕೆಯಾಯಿತು. ಸೈನಿಕ ಅದನ್ನು ಪಾಸ್‌ವರ್ಡ್ ಹಾಕಿ ಇಳಿಸಿಕೊಂಡು, ಪ್ರಿಂಟ್ ತೆಗೆದು, ಗುರುತು ಹಾಕಿ, ಘೋಷಣೆಗೆ ತನ್ನ ಅಧಿಕಾರಿಯ ಸಹಿ ಪಡೆದು ಅಂಚೆಗೆ ಹಾಕುತ್ತಾನೆ. ಅಂಚೆಚೀಟಿ ಬೇಕಿಲ್ಲ. ಎಣಿಕೆಯ ದಿನ ಬೆಳಿಗ್ಗೆ ಎಂಟರೊಳಗೆ ತಲುಪಬೇಕು, ತಡವಾದರೆ ಲೆಕ್ಕಕ್ಕಿಲ್ಲ. ಲಕೋಟೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಸಲಿಯೇ, ಎರಡು ಸಲ ಬಂದಿದೆಯೇ ಎಂದು ನೋಡುತ್ತಾರೆ. ಜೊತೆಯಲ್ಲಿ ವಾಸಿಸುವ ಹೆಂಡತಿಗೂ ಈ ಹಕ್ಕಿದೆ. 2021ರ ತಿದ್ದುಪಡಿಯಿಂದ, ಹೆಂಡತಿ ಸೈನ್ಯದಲ್ಲಿದ್ದರೆ ಗಂಡನಿಗೂ ಸಿಕ್ಕಿದೆ. ಹದಿನೆಂಟು ತುಂಬಿದ ಮಕ್ಕಳು ಮಾತ್ರ ಸಾಮಾನ್ಯ ಮತದಾರರಾಗಿಯೇ ಹೆಸರು ಸೇರಿಸಬೇಕು.

ಯಾರಿಗೆ ಅಂಚೆ ಮತ ಇಲ್ಲ ಎಂಬುದನ್ನೂ ಹೇಳಲೇಬೇಕು. ಆಸ್ಪತ್ರೆಯಲ್ಲಿ ಮಲಗಿರುವ ಐವತ್ತರ ರೋಗಿಗೆ ಇಲ್ಲ. ಅಮೆರಿಕದಲ್ಲಿರುವ ನಿಮ್ಮ ಮಗಳಿಗೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ನಮೂನೆ 6ಎ ಮೂಲಕ ಹೆಸರು ಸೇರಿಸಬಹುದು, ಮತ ಹಾಕಲು ಇಲ್ಲಿಗೇ ಬರಬೇಕು. ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವುದು ದುಡಿಯಲು ಬಂದವರ ವಿಷಯ. ಹೆಬ್ಬಾಳ, ಥಣಿಸಂದ್ರದ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರಿನ ಗಂಡಹೆಂಡಿರು ಗಾರೆ ಕಲಸುತ್ತಾರೆ. ಹೆಸರು ಊರಿನ ಪಟ್ಟಿಯಲ್ಲಿದೆ. ಮತ ಹಾಕಬೇಕೆಂದರೆ ಎರಡು ಮೂರು ದಿನದ ಕೂಲಿ ಬಿಟ್ಟು, ಯಶವಂತಪುರದಿಂದ ಬೀದರ್ ಕಡೆಯ ರೈಲಿನ ಜನರಲ್ ಬೋಗಿಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬೇಕು. ಇಂಥವರಿಗಾಗಿ ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಹಾಕಿಸಬಲ್ಲ ದೂರಮತ ಯಂತ್ರದ ಮಾದರಿಯನ್ನು ಆಯೋಗ ಸಿದ್ಧಪಡಿಸಿ, ಅದನ್ನು ಪಕ್ಷಗಳ ಮುಂದಿಡಲು 2023ರ ಜನವರಿ 16ರಂದು ದೆಹಲಿಯಲ್ಲಿ ಸಭೆ ಕರೆದಿತ್ತು. ವಿರೋಧ ಪಕ್ಷಗಳು ಪ್ರಶ್ನೆಗಳನ್ನೆತ್ತಿದವು, ಯಂತ್ರ ಬಳಕೆಗೆ ಬರಲಿಲ್ಲ. ಪ್ರಶ್ನೆಗಳು ನ್ಯಾಯವಾದವೇ ಇರಬಹುದು. ಆದರೆ ರಾಜ್ಯದೊಳಗೇ ಊರು ಬಿಟ್ಟು ಬಂದ ಕನ್ನಡಿಗ ಕೂಲಿಕಾರರಿಗಾದರೂ, ಡ್ಯೂಟಿಯವರಿಗಿರುವಂಥ ಸೌಲಭ್ಯ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯಲು ಏನು ಅಡ್ಡಿ ಎಂಬುದು ನನಗೆ ಅರ್ಥವಾಗುವುದಿಲ್ಲ. ಲಕೋಟೆ ಅದೇ, ಘೋಷಣೆ ಅದೇ, ದೃಢೀಕರಿಸುವ ಅಧಿಕಾರಿಗಳೂ ಇಲ್ಲೇ ಇದ್ದಾರೆ. ನಿಯಮಕ್ಕೆ ಒಂದು ತಿದ್ದುಪಡಿ ಬೇಕು. ಹಿರಿಯರಿಗಾಗಿ 2019ರಲ್ಲಿ ಮಾಡಿದಂತೆಯೇ ಇವರಿಗಾಗಿಯೂ ಮಾಡಬಹುದು.

ನಗರಪಾಲಿಕೆಯ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ನಿಯಮಗಳು ಬೇರೆ. ನಾನು ಇಷ್ಟು ಹೊತ್ತು ಹೇಳಿದ್ದು ವಿಧಾನಸಭೆ, ಲೋಕಸಭೆಯ ಮಾತು. ನಮ್ಮ ವಿಧಾನಸಭೆಯ ಅವಧಿ 2028ರಲ್ಲಿ ಮುಗಿಯುತ್ತದೆ. ಮನೆಯಲ್ಲಿ ಎಂಬತ್ತರ ಆಸುಪಾಸಿನವರಿದ್ದರೆ ಈ ವಾರವೇ ಪಟ್ಟಿಯಲ್ಲಿ ಅವರ ವಯಸ್ಸು ಎಷ್ಟೆಂದು ಬರೆದಿದೆ ನೋಡಿ. ತಪ್ಪಿದ್ದರೆ ವಯಸ್ಸಿನ ದಾಖಲೆ ಜೊತೆಗಿಟ್ಟು ನಮೂನೆ 8 ಕೊಡಿ, ಬಿಎಲ್‌ಒ ಅವರ ನಂಬರನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.